ಏರ್ ರೈಫಲ್‌ಗೆ ಎಣ್ಣೆ ಬಿಡುವ ಮುನ್ನ

ಪಾಂಡವಪುರದ ಸೋದರರೇ, ಹೊರದೇಶದವರು ಮನೆಯಲ್ಲೇ ಮದ್ದು ತೂಗಿ ತೋಟಾ ತುಂಬುವುದನ್ನು ನೋಡಿ, ನಿಮ್ಮ 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್‌ಗೂ ಹಾಗೆಯೇ ಪೆಲೆಟ್ (ಸೀಸದ ಪುಟ್ಟ ಗುಂಡು) ತೂಗಿ, ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ವೇಗವೂ ಗುರಿಯೂ ಸುಧಾರಿಸುತ್ತವೆಯೇ ಎಂದು ಕೇಳಿದ್ದೀರಿ. ತೋಟಾ ತುಂಬುವ ಆಸೆಯನ್ನು ಇಲ್ಲಿಗೇ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ.

ಎಣ್ಣೆಯಂತೂ ಬೇಡವೇ ಬೇಡ. ಸ್ಪ್ರಿಂಗ್ ತಳ್ಳಿದ ಪಿಸ್ಟನ್ ನುಗ್ಗಿದಾಗ ಒಳಗಿನ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಅಲ್ಲಿ ಎಣ್ಣೆಯ ಆವಿ ಇದ್ದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳುತ್ತದೆ. ಒಂದು ಹೊಡೆತ ಸಿಡಿಲಿನಂತೆ, ಮುಂದಿನದು ಮಂಕು. ಮೊದಲ ವರ್ಷ ನಾನೂ ಈ ಬುದ್ಧಿವಂತಿಕೆ ಮಾಡಿದೆ. ಸದ್ದು ಕೇಳಿ ಪಕ್ಕದ ಗದ್ದೆಯವರು ಓಡಿ ಬಂದರು, ತಿಂಗಳೊಳಗೆ ವಾಷರ್ ಸುಟ್ಟು ಸ್ಪ್ರಿಂಗ್ ಮುರಿಯಿತು. ವೇಗ ಹೆಚ್ಚಿದರೂ ಲಾಭವಿಲ್ಲ: ಸೊಂಟ ಸಣ್ಣಗಿರುವ ಈ ಪೆಲೆಟ್, ಸೆಕೆಂಡಿಗೆ ಸುಮಾರು 340 ಮೀಟರಿನ ಶಬ್ದದ ವೇಗವನ್ನು ಸಮೀಪಿಸಿದಂತೆಲ್ಲ ಓಲಾಡತೊಡಗುತ್ತದೆ. ಹತ್ತು ಮೀಟರ್ ಸ್ಪರ್ಧೆಯ ರೈಫಲ್‌ಗಳು ಸೆಕೆಂಡಿಗೆ 175 ಮೀಟರ್ ಆಸುಪಾಸಿನಲ್ಲೇ ಹೊಡೆಯುತ್ತವೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ.

ಇನ್ನು ತೂಕ. ಇದರಲ್ಲಿ ಅರ್ಥವಿದೆ, ಆದರೆ ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಪೆಲೆಟ್ 0.53 ಗ್ರಾಂ ಇದೆ ಎನ್ನಿ. ಅದರಲ್ಲಿ 0.01 ಗ್ರಾಂ ವ್ಯತ್ಯಾಸವಾದರೆ ವೇಗ ಸುಮಾರು ಶೇ. 1ರಷ್ಟು ಬದಲಾಗುತ್ತದೆ. ಹತ್ತು ಮೀಟರಿಗೆ ಪೆಲೆಟ್ ಬೀಳುವುದೇ ಹದಿನಾರು ಮಿ.ಮೀ.ನಷ್ಟು, ಆ ಶೇ. 1ರಿಂದ ಗುರಿ ಮೂರನೇ ಒಂದು ಮಿ.ಮೀ. ಸರಿಯುತ್ತದೆ. ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಅರ್ಧ ಮಿ.ಮೀ. ಇರುವ ಸ್ಪರ್ಧೆಯಲ್ಲಿ ಅದು ದೊಡ್ಡದೇ. ನಿಮ್ಮ ಐದು ಪೆಲೆಟ್‌ಗಳು ಮೂರು ಸೆಂ.ಮೀ. ಚದುರುತ್ತಿವೆ ಎಂದಿದ್ದೀರಿ, ಅಲ್ಲಿ ಅದು ಲೆಕ್ಕಕ್ಕೇ ಬಾರದು. ಆದ್ದರಿಂದ ಮೈಸೂರಿನ ಅಶೋಕ ರಸ್ತೆಯಲ್ಲಿ ಅಕ್ಕಸಾಲಿಗರ ತಕ್ಕಡಿ ಹುಡುಕುವುದು ಆಮೇಲಾಗಲಿ.

ಅದಕ್ಕಿಂತ ಮೊದಲು ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು, ಲಂಗದಂತೆ ಅಗಲವಾಗಿರುವ ಹಿಂಭಾಗ ನಜ್ಜಾದವನ್ನು ಆರಿಸಿ ತೆಗೆಯಿರಿ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಪೆಲೆಟ್ಟಿನ ತಲೆಯ ಅಳತೆ 4.49, 4.50, 4.51 ಮಿ.ಮೀ. ಎಂದು ಬೇರೆ ಬೇರೆ ಸಿಗುತ್ತದೆ. ನಿಮ್ಮ ನಳಿಗೆಗೆ ಯಾವುದು ಒಪ್ಪುತ್ತದೆ ಎಂಬುದನ್ನು ಹೊಡೆದೇ ತಿಳಿಯಬೇಕು. ಸ್ಕ್ರೂಗಳನ್ನೂ ಬಿಗಿಮಾಡಿ, ಸ್ಪ್ರಿಂಗಿನ ಅದಿರಾಟಕ್ಕೆ ಅವು ಸಡಿಲವಾಗುತ್ತಲೇ ಇರುತ್ತವೆ.

ಆದರೂ ನನ್ನ ಅನುಮಾನ ನಿಮ್ಮ ಹಿಡಿತದ ಮೇಲೆ. ಸ್ಪ್ರಿಂಗ್ ರೈಫಲ್ ಪೆಲೆಟ್ ಹೊರಡುವ ಮೊದಲೇ ಹಿಂದಕ್ಕೂ ಮುಂದಕ್ಕೂ ಕುಲುಕುತ್ತದೆ. ಅದನ್ನು ಉಡದಂತೆ ಬಿಗಿಹಿಡಿದರೆ ಪ್ರತಿಸಲ ಬೇರೆ ದಿಕ್ಕಿಗೆ ಒದೆಯುತ್ತದೆ. ಬಿಚ್ಚಿದ ಅಂಗೈಯ ಮೇಲೆ, ಪ್ರತಿಸಲ ಅದೇ ಜಾಗದಲ್ಲಿ, ಸುಮ್ಮನೆ ಕೂರಿಸಿ, ಕುಲುಕಲು ಬಿಡಿ. ಗಟ್ಟಿ ಕಲ್ಲಿನ ಮೇಲೆ ಊರಿ ಹೊಡೆಯಬೇಡಿ.

ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಅದು ಸೀಸ. ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯಿರಿ. ಕಬ್ಬಿನ ಗದ್ದೆಯ ನವಿಲು, ಗಿಳಿಗಳ ಕಡೆ ನಳಿಗೆ ತಿರುಗಲೇಬಾರದು. ಕಣ್ಣಿಗೆ ಕನ್ನಡಕ ಇರಲಿ.

ಭಾನುವಾರ ಐದೈದು ಹೊಡೆತಗಳ ಮೂರು ಕಾಗದಗಳ ಚಿತ್ರ ಹಾಕಿ. ಗುರಿಯ ಹಿಂದೆ ಮರಳಿನ ಮೂಟೆ ಇಟ್ಟಿದ್ದೀರೋ ಗೋಡೆಯೋ, ಅದೂ ಚಿತ್ರದಲ್ಲಿ ಕಾಣಲಿ.