ಸಂಪಾದಕರ ಉತ್ತರ: ನಿಮ್ಮ ಪತ್ರದ ಆ ಮೂರು ಸಾಲು

ಸಹೋದರಿ,

ಬೆಂಗಳೂರಿನ ಆಸ್ಪತ್ರೆಯೊಂದರ ಧರ್ಮಶಾಲೆಯಲ್ಲಿ ಕುಳಿತು, ಮಗಳ ಶಾಲೆಯ ನೋಟುಪುಸ್ತಕದಿಂದ ಹರಿದ ನಾಲ್ಕು ಹಾಳೆಗಳಲ್ಲಿ ನೀವು ಬರೆದ ಪತ್ರ ವಿಜಯದಶಮಿಯ ಮರುವಾರ ನಮಗೆ ತಲುಪಿತು. ಹೆಸರನ್ನೂ ಊರನ್ನೂ ಅಚ್ಚು ಮಾಡಬಾರದೆಂಬ ನಿಮ್ಮ ಮಾತನ್ನು ಪಾಲಿಸಿದ್ದೇವೆ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಉತ್ತರ ಕರ್ನಾಟಕದ ನಿಮ್ಮ ಏಳು ವರ್ಷದ ಮಗಳಿಗೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆಯೆಂದು ಗೊತ್ತಾಗಿ ಮೂರು ತಿಂಗಳಾಗಿದೆ. ನಾಲ್ಕು ವರ್ಷದ ಮಗ ಊರಿನಲ್ಲಿ ಅಜ್ಜಿಯ ಬಳಿ ಇದ್ದಾನೆ. ಬನ್ನಿ ಹಂಚುವ ದಿನ ನೆಂಟರು ಫೋನಿನಲ್ಲಿ ‘ಬಂಗಾರದಂಗ ಇರೋಣ’ ಎಂದಾಗ ನೀವು ಮರುಮಾತಾಡದೆ ಕರೆ ಕಡಿದಿರಿ. ನಿಮ್ಮ ಅತ್ತೆಯವರು ಮೊಮ್ಮಗಳು ಗುಣವಾದರೆ ಮನೆದೇವರಿಗೆ ಅವಳ ಮುಡಿ ಕೊಡುವುದಾಗಿ ಹರಕೆ ಹೊತ್ತಿದ್ದರು. ಕೆಲವೇ ವಾರಗಳಲ್ಲಿ ಆ ಕೂದಲೆಲ್ಲ ದಿಂಬಿನ ಮೇಲೆ ಉದುರಿತು. ‘ಕೊಡಬೇಕೆಂದಿದ್ದನ್ನು ದೇವರು ತಾನೇ ಕಿತ್ತುಕೊಂಡ’ ಎಂದು ಬರೆದಿದ್ದೀರಿ. ‘ಇದು ದೇವರ ಪರೀಕ್ಷೆ, ಇಷ್ಟರಲ್ಲೇ ಉಳಿಯಿತಲ್ಲ, ಕೃತಜ್ಞಳಾಗಿರು’ ಎನ್ನುವವರ ಮಾತು ಕೇಳಿ ಕೇಳಿ ನೀವು ಕೇಳಿರುವುದು ಎರಡು ಪ್ರಶ್ನೆ: ನನ್ನ ನಂಬಿಕೆ ಸತ್ತಿದೆಯೇ? ಈ ದೀಪಾವಳಿಯನ್ನು ಮಾಡಬೇಕೇ, ಬಿಡಬೇಕೇ?

ಪರೀಕ್ಷೆಯ ಮಾತನ್ನು ನಾನು ಒಪ್ಪುವುದಿಲ್ಲ. ಮಗುವಿನ ಎಲುಬಿನ ಮಜ್ಜೆಯಲ್ಲಿ ಜೀವಕೋಶವೊಂದು ದಾರಿ ತಪ್ಪಿ ಬೆಳೆದದ್ದು ತಾಯಿಯ ಭಕ್ತಿಯನ್ನು ಅಳೆಯಲಿಕ್ಕೆ ಎನ್ನುವವರು ತಮಗೆ ಅರಿವಿಲ್ಲದೆಯೇ ದೇವರನ್ನು ಬಹಳ ಸಣ್ಣವನನ್ನಾಗಿ ಮಾಡುತ್ತಾರೆ. ಇನ್ನು ದೇವರ ಮೇಲಿನ ನಿಮ್ಮ ಸಿಟ್ಟಿನ ವಿಷಯ. ನಮ್ಮ ಹರಿದಾಸರು ದೇವರನ್ನು ಬೈಯುತ್ತಲೇ ಹಾಡುವುದನ್ನು ನಿಂದಾಸ್ತುತಿ ಎಂಬ ಹೆಸರಿನಲ್ಲಿ ಭಕ್ತಿಯ ಲೆಕ್ಕಕ್ಕೇ ಸೇರಿಸಿಕೊಂಡರು. ಇಲ್ಲದವನೊಡನೆ ಯಾರೂ ಜಗಳ ತೆಗೆಯುವುದಿಲ್ಲ. ನಾಲ್ಕು ಪುಟ ಜಗಳವಾಡಿದ ನಿಮ್ಮ ನಂಬಿಕೆ ಸತ್ತಿದೆಯೆಂದು ನನಗಂತೂ ಅನ್ನಿಸಲಿಲ್ಲ.

ಆ ಜಗಳದ ನಡುವೆ, ಮೂರನೆಯ ಪುಟದಲ್ಲಿ, ನೀವೇ ಗಮನಿಸದೆ ಬರೆದಂತಿರುವ ಮೂರು ಸಾಲುಗಳಿವೆ. ಆಯುಧಪೂಜೆಯ ದಿನ ಮಗಳ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ತೀರ ಇಳಿದು ಒಸಡಿನಲ್ಲಿ ರಕ್ತ ಜಿನುಗುತ್ತಿದ್ದಾಗ, ಮನೆಮನೆಗೆ ಊಟದ ಪೊಟ್ಟಣ ತಲುಪಿಸುವ ಹುಡುಗನೊಬ್ಬ ಯಾರೋ ಕಳಿಸಿದ ಸಂದೇಶ ನೋಡಿ ಬಂದ. ಅವನ ಬೈಕಿನ ಹ್ಯಾಂಡಲಿಗೆ ಚೆಂಡುಹೂವಿನ ಮಾಲೆಯಿತ್ತು. ಕೊಟ್ಟು ಹೋದ, ಹೆಸರು ಕೇಳುವುದನ್ನು ಮರೆತೆ ಎಂದಿದ್ದೀರಿ. ನಿಮ್ಮ ಪತ್ರದಲ್ಲಿ ದೂರು ಇಲ್ಲದ ಸಾಲುಗಳು ಇವು ಮಾತ್ರ. ಕೃತಜ್ಞತೆ ಎಂದು ಎಲ್ಲರೂ ನಿಮ್ಮಿಂದ ಕೇಳುತ್ತಿರುವುದನ್ನು ನೀವು ಆಗಲೇ ಬರೆದುಬಿಟ್ಟಿದ್ದೀರಿ, ವಿಳಾಸ ಮಾತ್ರ ಅವರು ಹೇಳಿದ್ದಲ್ಲ.

ಆ ಹುಡುಗ ಕೊಟ್ಟದ್ದು ಎಂಥದು ಎಂಬುದನ್ನು ಸ್ವಲ್ಪ ವಿವರಿಸಬೇಕು. ಪ್ಲೇಟ್‌ಲೆಟ್‌ಗಳನ್ನು ರಕ್ತದ ಉಳಿದ ಭಾಗಗಳಂತೆ ತಣ್ಣಗೆ ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಸಾಮಾನ್ಯವಾಗಿ 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಯಂತ್ರದ ಮೇಲೆ ಎಡೆಬಿಡದೆ ಅಲುಗಾಡಿಸುತ್ತ ಇಡಬೇಕು, ಹಾಗಿಟ್ಟರೂ ಅವುಗಳ ಆಯುಷ್ಯ ಐದು ದಿನ. ಹಬ್ಬದ ವಾರದಲ್ಲಿ ಮಗುವಿಗೆ ಬೇಕಾಗುವುದನ್ನು ಹಿಂದಿನ ಪಕ್ಷದಲ್ಲೇ ಪಡೆದಿಡುವ ಮಾತೇ ಇಲ್ಲ. ನಗರದ ಅರ್ಧ ಜನ ಬಸ್ಸು ಹತ್ತಿ ಊರಿಗೆ ಹೋಗಿರುವ ಹೊತ್ತಿನಲ್ಲೇ ಯಾರಾದರೊಬ್ಬರು ತಮ್ಮ ಹಬ್ಬವನ್ನು ಬದಿಗಿಟ್ಟು ಬರಬೇಕು, ಒಂದೆರಡು ಗಂಟೆ ತೋಳು ಚಾಚಿ ಮಲಗಬೇಕು, ಯಂತ್ರ ಅವರ ರಕ್ತದಿಂದ ಪ್ಲೇಟ್‌ಲೆಟ್ಟನ್ನು ಬೇರ್ಪಡಿಸಿ ಉಳಿದದ್ದನ್ನು ಅವರಿಗೇ ಮರಳಿಸಬೇಕು. (ಈ ಸಂಚಿಕೆ ನಿಮ್ಮ ಕೈಯಲ್ಲಿರುವುದೂ ಹಬ್ಬದ ವಾರದಲ್ಲೇ ಎಂಬುದನ್ನು ಉಳಿದ ಓದುಗರು ಗಮನಿಸಬೇಕಾಗಿ ವಿನಂತಿ.)

ನಿಮ್ಮ ಮಗಳಿಗಾಗಿ ದುಡಿದವರಲ್ಲಿ ನಿಮಗೆ ಎಂದೂ ಕಾಣಸಿಗದವರೂ ಇದ್ದಾರೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್, ಸಹೋದರರನ್ನು ರೋಗಕ್ಕೆ ಕಳೆದುಕೊಂಡವರು, ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ ಔಷಧ ಸಂಶೋಧನೆಯಲ್ಲಿ ಬದುಕು ಸವೆಸಿದವರು. ಅವರ ತಂಡ ತಯಾರಿಸಿ ಕೊಟ್ಟ ಅಮಿನೊಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ ಮಕ್ಕಳಿಗೆ ಕೊಟ್ಟು, 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರೆಂದು 1948ರಲ್ಲಿ ಪ್ರಕಟಿಸಿದರು. ಆ ಚೇತರಿಕೆ ಕೆಲವು ತಿಂಗಳಷ್ಟೇ ಉಳಿಯಿತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಮುಂದೆ ನಿಮ್ಮ ಮಗಳು ವಾರಕ್ಕೊಮ್ಮೆ ನುಂಗಲಿರುವ ಮೆಥೊಟ್ರೆಕ್ಸೇಟ್ ಮಾತ್ರೆ ಅದೇ ಔಷಧದ ಒಡಹುಟ್ಟು. ಇನ್ನು ಅವಳಿಗೆ ಕೊಡುವ ವಿನ್‌ಕ್ರಿಸ್ಟೀನ್ ಚುಚ್ಚುಮದ್ದು ಬಂದದ್ದು ನಿತ್ಯಪುಷ್ಪದಿಂದ. ನಿಮ್ಮ ಕಡೆ ಹಿತ್ತಿಲಲ್ಲಿ ಯಾರೂ ನೀರೆರೆಯದೆಯೂ ಬೆಳೆಯುವ, ದಿನವೂ ದೇವರ ತಲೆಗೇರುವ ಅದೇ ಹೂವು. ವಾರ್ಡಿನೊಳಗೆ ಹೂವು ತರಗೊಡುವುದಿಲ್ಲ ಎಂದು ನೊಂದಿದ್ದೀರಿ, ಆದರೆ ಆ ಗಿಡದ ಸಾರ ಮಗಳ ರಕ್ತದಲ್ಲೇ ಹರಿಯುತ್ತಿದೆ. ಇದನ್ನು ಓದಿ ಯಾರಾದರೂ ಅದರ ಎಲೆ ಕುದಿಸಿ ಕಷಾಯ ಕೊಡಲು ಹೊರಟರೆ ಖಂಡಿತ ತಡೆಯಿರಿ. ಅಳತೆ ತಪ್ಪಿದರೆ ಅದು ವಿಷ.

ದೀಪಾವಳಿಯನ್ನು ಬಿಡಬೇಡಿ. ಹಾಗೆಂದು ಹಬ್ಬದ ದಿನ ವೈದ್ಯರು ಅನುಮತಿ ಕೊಟ್ಟರೂ ಮಗಳನ್ನು ಊರಿಗೆ ಕರೆದೊಯ್ಯುವ ಸಾಹಸವೂ ಬೇಡವೆಂದೇ ನನ್ನ ಅನಿಸಿಕೆ. ಬಿಳಿ ರಕ್ತಕಣ ಕಡಿಮೆಯಿರುವ ಮಗುವಿಗೆ ಸುಣ್ಣಬಣ್ಣದ ಹೊತ್ತಿನಲ್ಲಿ ಅಟ್ಟದಿಂದಿಳಿಯುವ ದೂಳು, ಪಾಡ್ಯದ ದಿನ ಸಗಣಿಯಲ್ಲಿ ಮಾಡಿ ಕೂರಿಸುವ ಪಾಂಡವರು, ಪಟಾಕಿಯ ಹೊಗೆ, ಹಸಿ ಕೋಸಂಬರಿ, ಹತ್ತು ಕೈ ದಾಟಿ ಬರುವ ಪಂಚಾಮೃತ, ನೋಡಲು ಬರುವ ನೆಂಟರ ಕೆಮ್ಮು, ಇವೆಲ್ಲವೂ ಅಪಾಯವೇ. 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕಾದ ಸ್ಥಿತಿಯಲ್ಲಿ, ಊರಿಗೂ ಆಸ್ಪತ್ರೆಗೂ ನಡುವೆ ಒಂದು ರಾತ್ರಿಯ ಪ್ರಯಾಣ ಇರಬಾರದು. ಆದರೆ ಬಿಸಿಬಿಸಿಯಾಗಿ ನಿಮ್ಮ ಕೈಯಾರೆ ಮಾಡಿದ ಹೋಳಿಗೆಗೆ ವೈದ್ಯರು ಬೇಡವೆನ್ನಲಾರರು, ಕೇಳಿ ನೋಡಿ. ಹಸಿವು ಕೆರಳಿಸುವ ಸ್ಟೀರಾಯ್ಡ್ ಕೊಡುವ ದಿನಗಳಲ್ಲಿ ನಡುರಾತ್ರಿ ಎದ್ದು ಉಪ್ಪಿಟ್ಟು ಕೇಳುವ ಹುಡುಗಿ ಹೋಳಿಗೆಯನ್ನು ಬಿಟ್ಟಾಳೆಯೇ? ನಿಮ್ಮ ಕಡೆ ದೀಪಾವಳಿಗೆ ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಆರತಿ ಬೆಳಗುತ್ತಾರಲ್ಲ, ಆ ಸಂಜೆ ವಿಡಿಯೊ ಕರೆ ಮಾಡಿ, ಬ್ಯಾಟರಿಯ ಪುಟ್ಟ ದೀಪವೊಂದನ್ನು ತಟ್ಟೆಯಲ್ಲಿಟ್ಟು ತಮ್ಮನಿಗೆ ಆರತಿ ಬೆಳಗಿಸಿ. ತಟ್ಟೆಗೆ ಹಾಕಬೇಕಾದ ಕಾಣಿಕೆಯನ್ನು ಅವನು ಬಾಕಿ ಇಟ್ಟುಕೊಳ್ಳಲಿ. ಅಕ್ಕ ಎಲ್ಲಿಗೋ ಹೋಗಿ ಮರಳದೆ ಉಳಿದಳೆಂದುಕೊಂಡಿರುವ ಆ ನಾಲ್ಕು ವರ್ಷದ ಹುಡುಗನಿಗೂ ಈ ಹಬ್ಬ ಬೇಕು. ಪತ್ರದಲ್ಲಿ ಅವನಿಗೆ ಒಂದೇ ವಾಕ್ಯ ಸಿಕ್ಕಿದೆ.

ಮುಡಿಯ ಹರಕೆಯ ಬಗ್ಗೆ ಅತ್ತೆಯವರಿಗೆ ಹೀಗೆ ಹೇಳಿ: ಈಗ ಉದುರಿದ ಕೂದಲು ಔಷಧದ ಲೆಕ್ಕಕ್ಕೆ ಹೋಯಿತು, ದೇವರ ಲೆಕ್ಕಕ್ಕಲ್ಲ. ಚಿಕಿತ್ಸೆ ಒಟ್ಟು ಎರಡು, ಎರಡೂವರೆ ವರ್ಷ ನಡೆಯುತ್ತದೆ. ತೀವ್ರ ಹಂತ ಮುಗಿದು ಮಾತ್ರೆಗಳ ಹಂತ ಬಂದಾಗ ಕೂದಲು ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ಆ ಹೊಸ ಕೂದಲನ್ನು ಮನೆದೇವರಿಗೆ ಕೊಡುವುದೋ, ಎರಡು ಜಡೆ ಹೆಣೆದು ಶಾಲೆಗೆ ಕಳಿಸುವುದೋ ಎಂಬುದನ್ನು, ಆ ಹೊತ್ತಿಗೆ ಹತ್ತರ ಹತ್ತಿರ ಬಂದಿರುವ ನಿಮ್ಮ ಮಗಳನ್ನೇ ಕೇಳಿ.

— ಸಂಪಾದಕ