ಕಷ್ಟದಲ್ಲಿರುವ ಕುಟುಂಬದ ನಾಟಕ ಬರೀ ಗೋಳಾಗದಂತೆ ಆಡಿಸುವುದು ಹೇಗೆ?

ಊರಿನ ಗೆಳೆಯರೆಲ್ಲ ಸೇರಿ ಸಾಲದಲ್ಲಿ ಸಿಕ್ಕಿಕೊಂಡ ರೈತ ಕುಟುಂಬವೊಂದರ ನಾಟಕ ಕಟ್ಟುತ್ತಿದ್ದೀರಿ. ತಾಲೀಮಿನಲ್ಲಿ ಪಾತ್ರಧಾರಿಗಳು ಅಳುತ್ತಾರೆ, ನೋಡಲು ಬಂದವರಿಗೆ ಮಾತ್ರ ಏನೂ ತಟ್ಟುತ್ತಿಲ್ಲ ಎಂದು ಬರೆದಿದ್ದೀರಿ. ಹಾಸನದ ಪಕ್ಕದ ನಮ್ಮ ಹಳ್ಳಿಯಲ್ಲಿ ಇಂಥದೇ ನಾಟಕವನ್ನು ನಾನು ಆಡಿಸಿದ್ದೇನೆ. ಮೊದಲ ಮೂರು ವಾರ ನಮ್ಮ ಪಾಡೂ ಇದೇ ಆಗಿತ್ತು.

ಅಳು ತೆಗೆಯಿರಿ, ಕೆಲಸ ಕೊಡಿ. ಕಷ್ಟದಲ್ಲಿರುವ ಮನೆಯವರು ಅಳುತ್ತಾ ಕೂರುವುದಿಲ್ಲ, ಲೆಕ್ಕ ಹಾಕುತ್ತಿರುತ್ತಾರೆ. ಸಂಘದ ಕಂತು ಯಾವ ವಾರ, ಕೈಸಾಲ ಕೊಟ್ಟವರಲ್ಲಿ ಯಾರನ್ನು ಇನ್ನೆಂಟು ದಿನ ತಡೆಯಿರಿ ಎಂದು ಕೇಳಬಹುದು, ಇದೇ ಅವರ ತಲೆಯಲ್ಲಿ ಓಡುತ್ತಿರುತ್ತದೆ.

ನಮ್ಮ ನಾಟಕದ ಕುಟುಂಬ ಎರಡು ಎಕರೆಗೆ ಆಲೂಗಡ್ಡೆ ಹಾಕಿದವರದು. ಎಕರೆಗೆ ಆರೇಳು ಕ್ವಿಂಟಲ್ ಬಿತ್ತನೆ ಗಡ್ಡೆ ಬೇಕು. ಅದು ಪಂಜಾಬಿನ ಜಲಂಧರ್ ಕಡೆಯಿಂದ ಬಂದು ಶೀತಲಗೃಹದಲ್ಲಿದ್ದು ಮೇ ತಿಂಗಳಲ್ಲಿ ರೈತರ ಕೈ ಸೇರುತ್ತದೆ. ಹಾಗಾಗಿ ಮುಂಗಾರು ಹಿಡಿಯುವ ಮೊದಲೇ ಸಾಲದ ದುಡ್ಡು ಖರ್ಚಾಗಿರುತ್ತದೆ. ಆಮೇಲೆ ಮೋಡ ಕವಿದು ಜಿಟಿಜಿಟಿ ಮಳೆ ಬಿಡದೆ ಹಿಡಿದರೆ ಅಂಗಮಾರಿ ರೋಗ ಬಂದು ಒಂದೇ ವಾರದಲ್ಲಿ ಹೊಲ ಸುಟ್ಟಂತಾಗುತ್ತದೆ. ನಮ್ಮ ಮೊದಲ ಪ್ರತಿಯಲ್ಲಿ ಇದ್ಯಾವುದೂ ಇರಲಿಲ್ಲ, ಮೀಸೆ ತಿರುವುವ ಒಬ್ಬ ಸಾಹುಕಾರನಿದ್ದ. ಅವನನ್ನು ತೆಗೆದು ಮೋಡವನ್ನು ತಂದೆವು. ಮನೆಯವರು ಆಗಾಗ ರಂಗದ ಅಂಚಿಗೆ ಹೋಗಿ ಆಕಾಶ ನೋಡಿ, ಏನೂ ಹೇಳದೆ ಬಂದು ಕೂರುತ್ತಾರೆ. ಅಷ್ಟಕ್ಕೇ ಜನ ಮೌನವಾದರು.

ತಂದೆಯ ಪಾತ್ರದವರದು ಬೇರೆಯೇ ತೊಡಕು. ನಮ್ಮ ಕಡೆ ಊರಿನವರೇ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು ಕುರುಕ್ಷೇತ್ರ ಆಡುತ್ತಾರೆ. ಇವರು ಎಷ್ಟೋ ವರ್ಷದ ದುರ್ಯೋಧನ. ಆ ಕಂಠವನ್ನು ನಾನು ಗೌರವಿಸುತ್ತೇನೆ, ಆದರೆ ಅದು ಇಳಿಯುತ್ತಿರಲಿಲ್ಲ. ಮೆಲ್ಲಗೆ ಹೇಳಿ ಎಂದು ನಾನು ಹೇಳಿದಷ್ಟೂ ಅವರು ಬಿಗಿಯಾದರು. ಒಂದು ಸಂಜೆ ಒಂದು ಮಂಕರಿ ಗಡ್ಡೆ, ನಾಲ್ಕು ಚಾಕು ತಂದಿಟ್ಟೆ. ನೆಡುವ ಮುಂಚೆ ದಪ್ಪ ಗಡ್ಡೆಗಳನ್ನು, ಪ್ರತಿ ಹೋಳಿನಲ್ಲೂ ಮೊಳಕೆ ಬರುವ ಒಂದೆರಡು ಕಣ್ಣು ಉಳಿಯುವಂತೆ, ಕತ್ತರಿಸುತ್ತೇವಲ್ಲ, ಆ ಕೆಲಸ ಮಾಡುತ್ತಲೇ ಮಾತಾಡಿ ಎಂದೆ. ಚಾಕುವಿನ ಮೇಲೆ ಗಮನ ಹೋದದ್ದೇ ತಡ, ದನಿ ತಾನಾಗಿ ಇಳಿಯಿತು. ಮಗಳು, "ಅಪ್ಪ, ಕಾಲೇಜಿನ ಫೀಸಿಗೆ ಶುಕ್ರವಾರ ಕೊನೆ" ಎನ್ನುತ್ತಾಳೆ. ಅಪ್ಪ ತಲೆ ಎತ್ತದೆ, "ಕಣ್ಣು ನೋಡಿ ಕತ್ತರಿಸು ಮಗಳೇ" ಎನ್ನುತ್ತಾನೆ. ಆ ಮಾತು ಪ್ರತಿಯಲ್ಲಿರಲಿಲ್ಲ, ಅವರೇ ಅಂದದ್ದು. ನಾಟಕದ ಅತ್ಯಂತ ಒಳ್ಳೆಯ ಮಾತು ಅದೇ.

ತಾಯಿ ಓಲೆ ಗಿರವಿ ಇಡುವ ದೃಶ್ಯದಲ್ಲಿ ನಾನು ಅರ್ಧ ಪುಟ ಅಳು ಬರೆದಿದ್ದೆ. ಆ ಪಾತ್ರ ಮಾಡುತ್ತಿದ್ದ ನಮ್ಮೂರಿನ ಅಕ್ಕ ಹೇಳಿದರು: "ಅಣ್ಣ, ಅಲ್ಲಿ ಯಾರೂ ಅಳುವುದಿಲ್ಲ. ಚೀಟಿಯಲ್ಲಿ ತೂಕ ಸರಿಯಾಗಿ ಬರೆದಿದ್ದಾರಾ ಅಂತ ನೋಡುತ್ತೇವೆ." ಅರ್ಧ ಪುಟ ಹರಿದುಹಾಕಿದೆ. ಮುಂದಿನ ದೃಶ್ಯಕ್ಕೆ ಅವರು ಓಲೆಯ ಜಾಗದಲ್ಲಿ ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಬಂದರು, ತೂತು ಮುಚ್ಚದಿರಲೆಂದು. ಮುಂದೆ ಕುಳಿತಿದ್ದ ಹೆಂಗಸರಿಗೆ ಅದು ತಕ್ಷಣ ಕಂಡಿತು. ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ಆ ಕಡ್ಡಿ ಕಾಣುವುದಿಲ್ಲ. ಆದ್ದರಿಂದ ಶಾಲೆಯ ಅಂಗಳದಲ್ಲೇ, ಜನರನ್ನು ಹತ್ತಿರ ಕೂರಿಸಿಕೊಂಡು ಆಡಿ.

ಒಂದು ತಪ್ಪನ್ನೂ ಹೇಳಬೇಕು. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಮಾತು ಬಿಡುವ ಪ್ರಸಂಗವೊಂದನ್ನು ನಮ್ಮ ತಂಡದ ಹುಡುಗನೊಬ್ಬ ಹೇಳಿದ್ದ, ನಾನು ಹಾಗೆಯೇ ಸೇರಿಸಿಬಿಟ್ಟೆ. ಪ್ರದರ್ಶನದ ದಿನ ಅವನ ದೊಡ್ಡಪ್ಪ ನಡುವೆಯೇ ಎದ್ದು ಹೋದರು. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕೂರಿಸಿ ಕಾಫಿ ಕೊಟ್ಟರು, ನಾಟಕದ ಮಾತನ್ನು ಎತ್ತಲಿಲ್ಲ. ಆ ದೃಶ್ಯವನ್ನು ಮತ್ತೆ ಆಡಲಿಲ್ಲ. ನಿಮ್ಮ ಕಥೆ ಊರಿನದೇ ಆಗಿದ್ದರೆ, ತಾಲೀಮು ಮುಂದುವರಿಸುವ ಮೊದಲು ಆ ಮನೆಯವರ ಬಳಿ ಹೋಗಿ ಪೂರ್ತಿ ಓದಿ ಹೇಳಿ. ಬೇಡ ಎಂದ ಭಾಗವನ್ನು ಬಿಟ್ಟುಬಿಡಿ.