ಬಲಿ ಕೊಟ್ಟಿದ್ದಕ್ಕೆ ಚೀಟಿ ಕೇಳಿದ ಸಾಮ್ರಾಜ್ಯ

ಪ್ರಶ್ನೆ: ರೋಮನ್ನರು ಗ್ರೀಕರ ದೇವರುಗಳನ್ನೂ ಈಜಿಪ್ಟಿನ ಐಸಿಸ್ ದೇವಿಯನ್ನೂ ತಮ್ಮವರನ್ನಾಗಿ ಮಾಡಿಕೊಂಡರು ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಕ್ರೈಸ್ತರನ್ನು ಮಾತ್ರ ಮುನ್ನೂರು ವರ್ಷ ಬೆನ್ನಟ್ಟಿ ಸಿಂಹಗಳ ಬಾಯಿಗೆ ಹಾಕಿದ್ದೇಕೆ? (ಓದುಗರೊಬ್ಬರು, ಧಾರವಾಡ)

ಉತ್ತರ: ನಿಮ್ಮ ಪ್ರಶ್ನೆಯ ಮೊದಲರ್ಧ ಸರಿ. ಉಳಿದರ್ಧ ಸಿನಿಮಾ ನಮಗೆ ಕಲಿಸಿದ ಲೆಕ್ಕ. ಸಾಮ್ರಾಜ್ಯದ ಉದ್ದಗಲಕ್ಕೂ ಅನ್ವಯಿಸಿ, ಕ್ರೈಸ್ತರನ್ನು ಇಕ್ಕಟ್ಟಿಗೆ ತಳ್ಳಿದ ಮೊದಲ ಆಜ್ಞೆ ಹೊರಟದ್ದು ಯೇಸು ಶಿಲುಬೆಗೇರಿ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಲ್ಲಿಯವರೆಗೆ ನಡೆದದ್ದು ಬಹುಮಟ್ಟಿಗೆ ಆಯಾ ಊರಿನ ಗಲಾಟೆ, ಆಯಾ ಅಧಿಕಾರಿಯ ತೀರ್ಮಾನ. ಕ್ರಿ.ಶ. 64ರಲ್ಲಿ ರೋಮ್ ಹೊತ್ತಿ ಉರಿದಾಗ ಚಕ್ರವರ್ತಿ ನೀರೋ ಆ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿ ಕ್ರೂರವಾಗಿ ಕೊಲ್ಲಿಸಿದ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅದೂ ರಾಜಧಾನಿಗಷ್ಟೇ ಸೀಮಿತವಾಗಿದ್ದ ಘಟನೆ. (ಅಂದಹಾಗೆ, ಸಿನಿಮಾದವರಿಗೆ ಪ್ರಿಯವಾದ ಕೊಲೋಸಿಯಂ ಆಗ ಇರಲೇ ಇಲ್ಲ, ಅದು ಉದ್ಘಾಟನೆಯಾದದ್ದು 80ರಲ್ಲಿ.)

ಹಾಗೆಂದು ಸಾವುಗಳು ಸುಳ್ಳಲ್ಲ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯಾನ್ ಊರಿನಲ್ಲಿ, 203ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಕ್ರೈಸ್ತರು ಕ್ರೀಡಾಕಣದಲ್ಲಿ ಸತ್ತರು. ಕಾರ್ಥೇಜ್‌ನಲ್ಲಿ ಸತ್ತವರಲ್ಲಿ ಪರ್ಪೆಚುವಾ ಎಂಬ ಎಳೆಯ ಬಾಣಂತಿಯೂ ಇದ್ದಳು. ಆದರೂ ಮೂರನೆಯ ಶತಮಾನದ ಕ್ರೈಸ್ತ ವಿದ್ವಾಂಸ ಆರಿಜೆನ್, ಧರ್ಮಕ್ಕಾಗಿ ಪ್ರಾಣ ಕೊಟ್ಟವರು ಸುಲಭವಾಗಿ ಎಣಿಸಬಹುದಾದಷ್ಟು ಮಂದಿ ಮಾತ್ರ ಎನ್ನುತ್ತಾನೆ. ತನ್ನವರ ಕಷ್ಟವನ್ನು ಕಡಿಮೆ ಮಾಡಿ ಹೇಳುವ ಅಗತ್ಯ ಅವನಿಗಿರಲಿಲ್ಲ.

ಇನ್ನು ‘ಏಕೆ’ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನಾನು ಮತ್ತೆ ಮತ್ತೆ ತೆರೆಯುವುದು ಒಂದು ಸರ್ಕಾರಿ ಪತ್ರವನ್ನು. ಸುಮಾರು 112ರಲ್ಲಿ, ಕಪ್ಪು ಸಮುದ್ರದ ದಕ್ಷಿಣ ದಂಡೆಯ ಬಿಥೀನಿಯಾ-ಪೊಂಟಸ್ ಪ್ರಾಂತ್ಯವನ್ನು ಆಳುತ್ತಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದದ್ದು. ಕ್ರೈಸ್ತರ ವಿಚಾರಣೆಯಲ್ಲಿ ತಾನು ಎಂದೂ ಭಾಗವಹಿಸಿಲ್ಲ, ಯಾವುದಕ್ಕೆ ಎಷ್ಟು ಶಿಕ್ಷೆ ಎಂದು ತಿಳಿಯದು, ದಾರಿ ತೋರಿಸಬೇಕು ಎಂದು ಅವನು ಕೇಳುತ್ತಾನೆ. ಕೇಳುವ ಮೊದಲೇ ಹಲವರನ್ನು ಕೊಲ್ಲಿಸಿಯೂ ಆಗಿದೆ! ಅವನ ವಿಧಾನ ಸರಳ. ‘ನೀನು ಕ್ರೈಸ್ತನೇ?’ ಎಂದು ಮೂರು ಸಲ ಕೇಳುವುದು. ಮೂರು ಸಲವೂ ಹೌದೆಂದರೆ ಮರಣದಂಡನೆ. ರೋಮನ್ ಪೌರರಾಗಿದ್ದರೆ ರೋಮ್‌ಗೆ ರವಾನೆ. ಅಲ್ಲವೆಂದವರು ದೇವತೆಗಳಿಗೆ ಕೈಮುಗಿದು, ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ, ಕ್ರಿಸ್ತನನ್ನು ಶಪಿಸಿದರೆ ಮನೆಗೆ ಹೋಗಬಹುದು.

ಇವರ ಒಳಗುಟ್ಟು ತಿಳಿಯಲು ಅವನು ಕ್ರೈಸ್ತ ಸಭೆಯ ಸೇವೆಯಲ್ಲಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಅತಿಯಾದ ಮೂಢನಂಬಿಕೆಯೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲವಂತೆ. ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳವು, ವ್ಯಭಿಚಾರ ಮಾಡುವುದಿಲ್ಲ ಎಂದು ಆಣೆ ಇಡುತ್ತಾರೆ, ಆಮೇಲೆ ಸಾಮಾನ್ಯವಾದ ಊಟ ಮಾಡುತ್ತಾರೆ. ಹಾಗಾದರೆ ಕೊಂದದ್ದೇಕೆ? ಅವರು ನಂಬುವುದು ಏನೇ ಇರಲಿ, ಅವರ ಹಟಮಾರಿತನಕ್ಕಂತೂ ಶಿಕ್ಷೆ ಆಗಲೇಬೇಕು ಎಂಬುದು ಪ್ಲಿನಿಯ ಮಾತು. ನಿಮ್ಮ ಪ್ರಶ್ನೆಯ ಕೀಲಿ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಮನಸ್ಸಿನಲ್ಲಿ ಯಾವ ದೇವರಿದ್ದಾನೆ ಎಂಬುದು ರೋಮ್‌ಗೆ ಬೇಕಿರಲಿಲ್ಲ. ಬೇಕಿದ್ದದ್ದು ಒಂದು ಚಿಟಿಕೆ ಧೂಪ. ಐಸಿಸ್‌ನ ಭಕ್ತರು ಅದನ್ನು ಹಾಕಿ ತಮ್ಮ ಪೂಜೆಗೆ ಹೋಗುತ್ತಿದ್ದರು. ಯೆಹೂದಿಗಳೂ ಹಾಕುತ್ತಿರಲಿಲ್ಲ, ಆದರೆ ಅದು ಅವರ ಪೂರ್ವಿಕರ ಕಾಲದ ಕಟ್ಟಳೆ, ಮತ್ತು ಹಳೆಯದೆಂದರೆ ರೋಮನ್ನರಿಗೆ ಗೌರವ. ನಿನ್ನೆ ಮೊನ್ನೆ ಹುಟ್ಟಿದ ಪಂಥಕ್ಕೆ ಆ ರಿಯಾಯಿತಿ ಎಲ್ಲಿಂದ ಬರಬೇಕು? ಜೊತೆಗೆ ಗುಂಪು ಕಟ್ಟುವವರೆಂದರೆ ಟ್ರಾಜನ್‌ಗೆ ಆಗದು. ನಿಕೊಮೀಡಿಯಾ ನಗರದಲ್ಲಿ ಬೆಂಕಿ ಆರಿಸಲು 150 ಜನರ ದಳವೊಂದನ್ನು ಕಟ್ಟಲೇ ಎಂದು ಇದೇ ಪ್ಲಿನಿ ಕೇಳಿದಾಗ, ಯಾವ ಹೆಸರಿಟ್ಟರೂ ಅದು ರಾಜಕೀಯ ಕೂಟವಾಗಿಬಿಡುತ್ತದೆ ಎಂದು ಬೇಡವೆಂದವನು ಅವನು.

ಕ್ರೈಸ್ತರ ವಿಷಯದಲ್ಲಿ ಟ್ರಾಜನ್‌ನ ಉತ್ತರ ಚುಟುಕು: ಹುಡುಕಿಕೊಂಡು ಹೋಗಬೇಡ, ಯಾರಾದರೂ ದೂರು ಕೊಟ್ಟು ಅಪರಾಧ ಸಾಬೀತಾದರೆ ಶಿಕ್ಷಿಸು, ಹೆಸರಿಲ್ಲದ ಮೂಕರ್ಜಿಗಳನ್ನು ಮುಟ್ಟಬೇಡ. ಅಪರಾಧಿಗಳಾದರೆ ಹುಡುಕುವುದಿಲ್ಲವೇಕೆ, ನಿರಪರಾಧಿಗಳಾದರೆ ಶಿಕ್ಷಿಸುವುದೇಕೆ ಎಂದು ಕಾರ್ಥೇಜ್‌ನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಮುಂದೆ ಇದನ್ನು ಚೆನ್ನಾಗಿಯೇ ಗೇಲಿ ಮಾಡಿದ. ಟೈಬರ್ ನದಿ ಉಕ್ಕಿದರೂ ನೈಲ್ ನದಿ ಉಕ್ಕದಿದ್ದರೂ ಜನ ‘ಕ್ರೈಸ್ತರನ್ನು ಸಿಂಹಕ್ಕೆ ಹಾಕಿ’ ಎನ್ನುತ್ತಾರೆ ಎಂದವನೂ ಅವನೇ. ಅಂದರೆ ಅಪಾಯ ಹೆಚ್ಚಾಗಿ ಬರುತ್ತಿದ್ದದ್ದು ಪಕ್ಕದ ಮನೆಯಿಂದ.

ಲೆಕ್ಕಾಚಾರ ಬದಲಾದದ್ದು ಚಕ್ರವರ್ತಿ ಡೇಸಿಯಸ್ ಕಾಲದಲ್ಲಿ. ಗಡಿಯಲ್ಲಿ ಗಾಥರೆಂಬ ಬುಡಕಟ್ಟಿನವರ ದಾಳಿ, ಒಳಗೆ ದಂಗೆಗಳು. ದೇವತೆಗಳು ಮುನಿದಿದ್ದಾರೆಂದು ಬಗೆದು ಸಾಮ್ರಾಜ್ಯದ ಜನರೆಲ್ಲ ಬಲಿ ಕೊಡಬೇಕೆಂದು ಅವನು ಆಜ್ಞಾಪಿಸಿದ. 250ರಲ್ಲಿ ಅದು ಊರೂರಿಗೆ ತಲುಪಿತು. ಬಲಿ ಕೊಟ್ಟವರಿಗೆ ಸಾಕ್ಷಿ ಸಹಿತ ಚೀಟಿ. ಈಜಿಪ್ಟಿನ ಒಣ ಮರಳಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಪಪೈರಸ್ ಚೀಟಿಗಳು ಸಿಕ್ಕಿವೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಒಕ್ಕಣೆ: ನಾನು ಸದಾ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗಲೂ ನಿಮ್ಮ ಎದುರಿನಲ್ಲಿ ಕೊಟ್ಟು ಪ್ರಸಾದದ ಮಾಂಸವನ್ನು ತಿಂದಿದ್ದೇನೆ, ದೃಢೀಕರಿಸಬೇಕಾಗಿ ಕೋರುತ್ತೇನೆ. ಅವುಗಳಲ್ಲಿ ಒಂದು ಮೊಸಳೆ ದೇವರಾದ ಪೆಟೆಸೂಕೋಸ್‌ನ ಪೂಜಾರಿಣಿಯದು! ಪೂಜೆಯೇ ವೃತ್ತಿಯಾದವಳೂ ತಾನು ದೈವಭಕ್ತೆ ಎಂದು ಅರ್ಜಿ ಕೊಡಬೇಕಾಯಿತು. ಆಜ್ಞೆ ಕ್ರೈಸ್ತರ ಹೆಸರೆತ್ತದೆ ಎಲ್ಲರಿಗೂ ಹೊರಟಿತ್ತು ಎಂದು ವಿದ್ವಾಂಸರು ಹೇಳುವುದು ಇಂಥ ಚೀಟಿಗಳ ಬಲದಿಂದ. ರೋಮ್‌ನ ಬಿಷಪ್ ಫೇಬಿಯನ್ ಆ ವರ್ಷವೇ ಸತ್ತ. ಇನ್ನು ಕೆಲವರು ಲಂಚ ಕೊಟ್ಟು, ಬಲಿ ಕೊಡದೆಯೇ ಚೀಟಿ ಪಡೆದರು. ಅವರನ್ನು ಮತ್ತೆ ಸಭೆಗೆ ಸೇರಿಸಿಕೊಳ್ಳಬೇಕೇ ಎಂಬ ಜಗಳ ಚಕ್ರವರ್ತಿ ಸತ್ತ ಮೇಲೂ ಮುಗಿಯಲಿಲ್ಲ.

ಪ್ರಶ್ನೆ: ಕ್ರೈಸ್ತರು ಕ್ಯಾಟಕೂಂಬ್ ಎಂಬ ಸುರಂಗಗಳಲ್ಲಿ ಅಡಗಿ ವಾಸಿಸುತ್ತಿದ್ದರೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಇಲ್ಲ. ಅವು ಸ್ಮಶಾನಗಳು. ನಗರದೊಳಗೆ ಹೂಳುವಂತಿರಲಿಲ್ಲವಾದ್ದರಿಂದ ರೋಮ್‌ನ ಹೊರಗೆ, ಅಗೆಯಲು ಸುಲಭವಾದ ಜ್ವಾಲಾಮುಖಿ ಕಲ್ಲಿನಲ್ಲಿ ತೋಡಿದ್ದಾರೆ. ಯೆಹೂದಿಗಳಿಗೂ ಅಂಥವಿದ್ದವು. ಪ್ರಾರ್ಥನೆ ನಡೆಯುತ್ತಿದ್ದದ್ದು ಮನೆಗಳಲ್ಲಿ. ಸಿರಿಯಾದ ದುರಾ ಯೂರೋಪಸ್‌ನಲ್ಲಿ ಅಂಥದೊಂದು ಮನೆ ಉತ್ಖನನದಲ್ಲಿ ಸಿಕ್ಕಿದೆ. ಅದರ ದೀಕ್ಷಾಸ್ನಾನದ ಕೋಣೆಯಲ್ಲಿ ಗೋಡೆಚಿತ್ರಗಳೂ ಇದ್ದವು.

ಪ್ರಶ್ನೆ: ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿದವನು ಕಾನ್‌ಸ್ಟಂಟೈನ್ ಅಲ್ಲವೇ? (ಸ್ಪರ್ಧಾತ್ಮಕ ಪರೀಕ್ಷಾರ್ಥಿ, ಹಾಸನ)

ಉತ್ತರ: ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಆರಂಭಿಸಿದ ಅತ್ಯಂತ ಕಠಿಣ ದಮನವನ್ನು ನಿಲ್ಲಿಸುವ ಆಜ್ಞೆ 311ರಲ್ಲಿ ಹೊರಟದ್ದು ಚಕ್ರವರ್ತಿ ಗಲೇರಿಯಸ್‌ನಿಂದ, ಆ ದಮನದ ಮುಂಚೂಣಿಯಲ್ಲಿದ್ದವನಿಂದಲೇ. ಆಗ ಅವನು ಸಾವಿನ ಹಾಸಿಗೆಯಲ್ಲಿದ್ದ. ತನ್ನ ಕ್ಷೇಮಕ್ಕಾಗಿ ನಿಮ್ಮ ದೇವರನ್ನು ಪ್ರಾರ್ಥಿಸಿ ಎಂದೂ ಆಜ್ಞೆಯಲ್ಲಿ ಸೇರಿಸಿದ್ದ. 313ರಲ್ಲಿ, ಸಾಮ್ರಾಜ್ಯವನ್ನು ಹಂಚಿಕೊಂಡು ಆಳುತ್ತಿದ್ದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಮಿಲಾನ್‌ನಲ್ಲಿ ಒಪ್ಪಿದ್ದು ಎಲ್ಲರಿಗೂ ಪೂಜಾ ಸ್ವಾತಂತ್ರ್ಯ, ಕ್ರೈಸ್ತರಿಂದ ಕಿತ್ತುಕೊಂಡ ಆಸ್ತಿಯ ವಾಪಸಾತಿ. ರಾಜಧರ್ಮದ ಮಾತು ಬಂದದ್ದು 380ರಲ್ಲಿ, ಚಕ್ರವರ್ತಿ ಥಿಯೊಡೋಸಿಯಸ್ ಕಾಲಕ್ಕೆ. 391ರಲ್ಲಿ ಅವನು ದೇವತೆಗಳಿಗೆ ಬಲಿ ಕೊಡುವುದನ್ನೇ ನಿಷೇಧಿಸಿದ.